ಬಾಣಂತಿ ಬೆಕ್ಕಿನ ಮೊಲೆತೊಟ್ಟಿನ ನೋವು: ಮಳೆಗಾಲದ ಆರೈಕೆ

ವಿರಾಜಪೇಟೆ ಬಳಿಯ ನಮ್ಮ ತೋಟದ ಮನೆಯಲ್ಲಿ ಬೆಕ್ಕು ಮರಿ ಹಾಕಿದ್ದು ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ ಕೊಡವ ತಿಂಗಳ, ಜಡಿಮಳೆಯಲ್ಲಿ. ಮರಿಗಳು ಬಾಯಿ ಹಾಕಿದೊಡನೆ ಎದ್ದು ಹೋಗುವುದು, ಹಾಲೂಡುವಾಗ ಸಣ್ಣಗೆ ಗುರುಗುಟ್ಟುವುದು, ಒಂದೇ ಮಗ್ಗುಲಿಗೆ ಮಲಗುವುದು ಇವೆಲ್ಲ ಕಾಣಿಸಿಕೊಂಡಾಗ ಅದಕ್ಕೆ ಮರಿಗಳ ಮೇಲೆ ಅಕ್ಕರೆಯಿಲ್ಲವೆಂದು ಮನೆಯವರು ಹೇಳತೊಡಗಿದರು. ಅಕ್ಕರೆಗೆ ಕೊರತೆಯಿರಲಿಲ್ಲ, ಕೊನೆಯ ಜೋಡಿ ತೊಟ್ಟುಗಳ ಸುತ್ತ ಗೀರುಗಳಿದ್ದವು, ಚರ್ಮ ಕೆಂಪಗಾಗಿತ್ತು.

ಬೆಕ್ಕಿಗೆ ಸಾಮಾನ್ಯವಾಗಿ ನಾಲ್ಕು ಜೋಡಿ ಮೊಲೆತೊಟ್ಟುಗಳಿರುತ್ತವೆ. ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಗಳು ತಮಗೊಂದು ತೊಟ್ಟನ್ನು ಗೊತ್ತುಮಾಡಿಕೊಂಡು ವಾಸನೆಯಿಂದಲೇ ಅದನ್ನು ಹುಡುಕುತ್ತವೆ. ಹಿಂದಿನ ತೊಟ್ಟುಗಳಿಗೆ ಬೇಡಿಕೆ ಹೆಚ್ಚು. ಮೊದಲ ವಾರಗಳಲ್ಲಿ ಮರಿಗಳಿಗೆ ಉಗುರನ್ನು ಒಳಗೆಳೆದುಕೊಳ್ಳಲು ಬಾರದ ಕಾರಣ, ಹಾಲಿಗಾಗಿ ಮುಂಗಾಲಿನಿಂದ ಒತ್ತುವಾಗಲೆಲ್ಲ ತಾಯಿಯ ಹೊಟ್ಟೆ ಗೀರಿಹೋಗುತ್ತದೆ. ಹೀಗಾಗಿ ನಾನು ಮುಲಾಮು ಹುಡುಕುವುದಕ್ಕೆ ಮೊದಲು ಉಗುರು ಕತ್ತರಿಯನ್ನು ಹುಡುಕಿದೆ. ಹೊಟ್ಟೆ ತುಂಬಿ ನಿದ್ದೆಹೋದ ಮರಿಯನ್ನು ಅಂಗೈಯಲ್ಲಿಟ್ಟುಕೊಂಡು, ಬೆಳಕಿಗೆ ಹಿಡಿದು, ಒಳಗಿನ ಗುಲಾಬಿ ಭಾಗವನ್ನು ತಾಗದಂತೆ ಪಾರದರ್ಶಕವಾದ ತುದಿಯನ್ನಷ್ಟೇ ಕತ್ತರಿಸಿದೆ. ಉಗುರು ಬೇಗನೆ ಚೂಪಾಗುವುದರಿಂದ ಈ ಕೆಲಸವನ್ನು ವಾರವಾರವೂ ಮಾಡಬೇಕಾಯಿತು.

ಎರಡನೆಯದು ಹಾಸಿಗೆ. ಕಾಫಿ ತುಂಬುವ ಗೋಣಿಚೀಲ ನಮ್ಮಲ್ಲಿ ಯಾವಾಗಲೂ ಕೈಗೆ ಸಿಗುತ್ತದೆ. ಆದರೆ ಅದರ ನಾರು ನೋಯುವ ಚರ್ಮವನ್ನು ಉಜ್ಜುತ್ತದೆ, ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ತೆಗೆದು ಹಳೆಯ ಹತ್ತಿ ಪಂಚೆಗಳನ್ನು ಮಡಚಿ ಹಾಸಿದೆ, ದಿನವೂ ಬದಲಿಸಿದೆ, ಒಗೆದದ್ದನ್ನು ಬಚ್ಚಲಿನ ಹಂಡೆ ಒಲೆಯ ಮೇಲ್ಗಡೆ ಕಟ್ಟಿದ ಹಗ್ಗದಲ್ಲಿ ಒಣಗಿಸಿದೆ. ಬೆಕ್ಕಿಗೆ ವಿಷವಾಗಬಲ್ಲದ್ದರಿಂದ ಆ ಮೂಲೆಗೆ ಫಿನಾಯಿಲನ್ನು ಸೋಕಿಸಲಿಲ್ಲ.

ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮುಕ್ಕಾಲು ಚಹಾ ಚಮಚ ಉಪ್ಪು ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಗೀರುಗಳನ್ನು ಒರೆಸುತ್ತಿದ್ದೆ. ಪಕ್ಕದ ತೋಟದ ಅಕ್ಕ ಪ್ರೀತಿಯಿಂದ ನೀಲಗಿರಿ ಎಣ್ಣೆಯ ಸೀಸೆ ತಂದುಕೊಟ್ಟರು, ಅದನ್ನು ಬಳಸಲಿಲ್ಲ. ಆ ಎಣ್ಣೆಯೂ ಟೀ ಟ್ರೀ ಎಣ್ಣೆಯೂ ಸತುವಿನ ಮುಲಾಮುಗಳೂ ಬೆಕ್ಕು ನೆಕ್ಕಿದರೆ ಅಪಾಯಕಾರಿ. ಅಲ್ಲದೆ ಘಾಟು ವಾಸನೆಯಿಂದ ಕಣ್ಣು ಬಿಡದ ಮರಿಗಳಿಗೆ ತಮ್ಮ ತೊಟ್ಟೇ ಸಿಗದೆ ಹೋಗಬಹುದು. ಹಾಲೂಡಿದ ಮೇಲೆ ಕೊಬ್ಬರಿ ಎಣ್ಣೆಯನ್ನು ಬೆರಳ ತುದಿಯಲ್ಲಿ ತೆಳ್ಳಗೆ ಸವರಿದ್ದಷ್ಟೇ ನನ್ನ ಔಷಧ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಗೀರಿಗಿಂತ ನಾನು ಹೆಚ್ಚು ಅಂಜಿದ್ದು ಕೆಚ್ಚಲು ಬಾವಿಗೆ. ಹಸು ಸಾಕಿದವರಿಗೆ ಅದು ಗೊತ್ತಿರುವ ಕಾಯಿಲೆಯೇ. ಬೆಕ್ಕಿಗೂ ಗಾಯದ ಮೂಲಕ ಬ್ಯಾಕ್ಟೀರಿಯಾ ಒಳಹೊಕ್ಕು ಅದು ಬರುತ್ತದೆ. ಬೆಳಿಗ್ಗೆ, ಸಂಜೆ ಬೆಕ್ಕು ಊಟ ಮಾಡುವಾಗ ಪ್ರತಿ ಮೊಲೆಯನ್ನೂ ಮುಟ್ಟಿ ನೋಡುತ್ತಿದ್ದೆ. ಒಂದು ಮೊಲೆ ಗಟ್ಟಿಯಾಗಿ, ಉಳಿದವುಗಳಿಗಿಂತ ಬಿಸಿಯಾಗಿದ್ದ ದಿನ, ಮಣಿಕಟ್ಟಿಗೆ ಹಿತವೆನಿಸುವ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಐದೈದು ನಿಮಿಷ ಶಾಖ ಕೊಟ್ಟು, ಒಂದೆರಡು ಹನಿ ಹಾಲನ್ನು ಮೆಲ್ಲನೆ ಹಿಂಡಿ ಬಿಳಿಯ ಬಟ್ಟೆಯ ಮೇಲೆ ನೋಡಿದೆ. ಹಾಲು ಸಹಜವಾಗಿ ಬೆಳ್ಳಗಿತ್ತು, ಅದು ಕಟ್ಟಿಕೊಂಡದ್ದಷ್ಟೇ, ಮರಿಯೊಂದನ್ನು ಅಲ್ಲಿಗೇ ಹಚ್ಚಿದ ಮೇಲೆ ಮೆತ್ತಗಾಯಿತು. ಹಾಲು ಹಳದಿಯಾಗಿಯೋ ರಕ್ತ ಬೆರೆತೋ ಬಂದಿದ್ದರೆ, ಚರ್ಮ ನೇರಳೆಗಟ್ಟಿದ್ದರೆ, ತಾಯಿ ಊಟ ಬಿಟ್ಟಿದ್ದರೆ, ಇಲ್ಲವೆ ಮೈಕಾವು ಸಹಜವಾದ 38ರಿಂದ 39.2 ಡಿಗ್ರಿ ಸೆಲ್ಸಿಯಸ್ ದಾಟಿ ಏರಿದ್ದರೆ, ಮಳೆಯೆನ್ನದೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕಿತ್ತು; ಮರಿಗಳಿಗೂ ಒಗ್ಗುವ ಆಂಟಿಬಯಾಟಿಕ್ ಯಾವುದೆಂದು ನಿರ್ಧರಿಸುವವರು ಅವರೇ.

ಬಾಣಂತಿ ಬೆಕ್ಕಿಗೆ ಎಂದಿನ ಎರಡು ಮೂರು ಪಟ್ಟು ಆಹಾರ ಬೇಕು. ಉಪ್ಪು ಖಾರವಿಲ್ಲದೆ ಬೇಯಿಸಿ ಮುಳ್ಳು ತೆಗೆದ ಮತ್ತಿ ಮೀನು, ಕೋಳಿ, ಜೊತೆಗೆ ಮರಿಗಳಿಗೆಂದೇ ಮಾರುವ ಬೆಕ್ಕಿನ ಆಹಾರವನ್ನು ಕೊಟ್ಟೆ. ಮರಿಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿದೆ: ಹುಟ್ಟುವಾಗ ಸುಮಾರು 100 ಗ್ರಾಂ ಇರುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆಯೆಂದು ಅರ್ಥ. ಸಾಲದಿದ್ದರೆ ಹಸುವಿನ ಹಾಲು ಹೊಂದುವುದಿಲ್ಲ, ಬೆಕ್ಕಿನ ಮರಿಗಳ ಹಾಲಿನ ಪುಡಿಯೇ ಆಗಬೇಕು.

ನಾಲ್ಕನೆಯ ವಾರದಿಂದ ಮರಿಗಳಿಗೆ ಮೆತ್ತಗೆ ಕಲಸಿದ ಆಹಾರವನ್ನು ರೂಢಿಸಿ, ಹಾಲನ್ನು ಮೆಲ್ಲಮೆಲ್ಲನೆ ಬಿಡಿಸಿದೆ, ಏಕೆಂದರೆ ಥಟ್ಟನೆ ಬಿಡಿಸಿದರೆ ಹಾಲು ಕಟ್ಟಿಕೊಂಡು ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಹಾಲೂಡುವಾಗಲೂ ಬೆಕ್ಕು ಬೆದೆಗೆ ಬರಬಲ್ಲದು. ಹಾಗಾಗಿ ಹಾಲು ಬತ್ತಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವವರೆಗೆ ಅದನ್ನು ಮನೆಯೊಳಗೇ ಇಟ್ಟುಕೊಂಡೆವು.