ಸೇಂಟ್ ಓಬಾನ್‌ನಿಂದ ದೊರ್ಮಿಯೂಸ್‌ಗೆ: ಆಲ್ಪ್ಸ್ ಬೆಟ್ಟಸಾಲಿನಲ್ಲಿ ಗ್ಲೈಡರ್ ಹಾರಿಸುವ ಬಗೆ

ಎಂಜಿನ್ ಇಲ್ಲದ ಗ್ಲೈಡರ್ ವಿಮಾನದಲ್ಲಿ, ಬಯಲಿನ ಮೇಲೆ ಥರ್ಮಲ್ (ಬಿಸಿಲಿಗೆ ಕಾದು ಮೇಲೇಳುವ ಗಾಳಿ) ಹಿಡಿದು ಗಂಟೆಗಟ್ಟಲೆ ಹಾರಿದವರಿಗೂ ಬೆಟ್ಟದ ಹಾರಾಟ ಹೊಸ ಪಾಠವೇ. ಫ್ರಾನ್ಸಿನ ದಕ್ಷಿಣ ಆಲ್ಪ್ಸ್‌ನ ಸೇಂಟ್ ಓಬಾನ್ ಏರ್‌ಫೀಲ್ಡ್ ಈ ಪಾಠಕ್ಕೆ ಹೆಸರಾದ ಜಾಗ. ಲೈಸೆನ್ಸ್ ಇದ್ದವರೂ ಮೊದಲ ಹಾರಾಟಗಳನ್ನು ಬೆಟ್ಟ ಬಲ್ಲ ಇನ್‌ಸ್ಟ್ರಕ್ಟರ್ ಜೊತೆ ಎರಡು ಸೀಟಿನ ಗ್ಲೈಡರ್‌ನಲ್ಲೇ ಮಾಡಬೇಕು.

ಲೆಕ್ಕವೆಲ್ಲ ನೆಲದ ಮೇಲೇ ಮುಗಿದಿರಲಿ. ನಿಮ್ಮ ಗ್ಲೈಡರ್ 1 ಕಿ.ಮೀ. ಎತ್ತರದಿಂದ 40 ಕಿ.ಮೀ. ಸಾಗುತ್ತದೆ ಎಂದು ಕೈಪಿಡಿ ಹೇಳಿದರೆ, ಬೆಟ್ಟದಲ್ಲಿ 20 ಎಂದೇ ಹಿಡಿಯಿರಿ. ಇಳಿಯುವ ಜಾಗದ ಮೇಲೆ ಇನ್ನೂ 300 ಮೀಟರ್ ಕೈಯಲ್ಲಿರಬೇಕು. ಉದಾಹರಣೆಗೆ, ದೊರ್ಮಿಯೂಸ್ ಬೆಟ್ಟದಿಂದ ಬಾರ್ಸೆಲೊನೆಟ್ ಏರ್‌ಫೀಲ್ಡ್ ಸುಮಾರು 18 ಕಿ.ಮೀ. ಅದಕ್ಕೆ 900 ಮೀಟರ್, ಏರ್‌ಫೀಲ್ಡ್‌ನ ಎತ್ತರ 1130, ಮೇಲೊಂದು 300: ಒಟ್ಟು 2330 ಮೀಟರ್. ಸಮುದ್ರಮಟ್ಟದಿಂದ ಎತ್ತರ ತೋರಿಸುವ ಆಲ್ಟಿಮೀಟರ್ ಅಷ್ಟು ತೋರಿಸದಿದ್ದರೆ ಆ ಕಡೆ ಹೊರಡಬೇಡಿ. ಹೀಗೆ ದಾರಿಯುದ್ದಕ್ಕೂ ಪ್ರತಿ ಏರ್‌ಫೀಲ್ಡ್ ಸುತ್ತ ಮ್ಯಾಪಿನಲ್ಲಿ ವೃತ್ತ ಎಳೆದು, ಎತ್ತರ ಬರೆದುಕೊಳ್ಳಿ.

ಈ 20 ಕೂಡ ಗ್ಯಾರಂಟಿಯಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗ್ಲೈಡರ್ ತಾನಾಗಿ ಸೆಕೆಂಡಿಗೆ 0.7 ಮೀಟರ್ ಇಳಿಯುತ್ತದೆ. ಸುತ್ತಲಿನ ಗಾಳಿಯೂ 2 ಮೀಟರ್ ಇಳಿಯುತ್ತಿದ್ದರೆ 1 ಕಿ.ಮೀ. ಎತ್ತರಕ್ಕೆ ಸಿಗುವುದು ಬರೀ 10 ಕಿ.ಮೀ. ಬೆಟ್ಟದ ಹಿಂಬದಿಯಲ್ಲಿ, ಅಂದರೆ ಗಾಳಿ ಕೆಳಗಿಳಿಯುವ ಮಗ್ಗುಲಲ್ಲಿ, ಇದು ಮಾಮೂಲು. ಆದ್ದರಿಂದ ಸ್ವಲ್ಪ ಸುತ್ತಾದರೂ ಗಾಳಿಗೆ ಎದುರಾದ, ಬಿಸಿಲು ಬಿದ್ದ ಮಗ್ಗುಲನ್ನೇ ಹಿಡಿದು ಹೋಗಿ.

ಬೆಳಿಗ್ಗೆ ಮೊದಲು ಬಿಸಿಯಾಗಿ ಏರುಗಾಳಿ ಕೊಡುವುದು ಪೂರ್ವಕ್ಕೆ ಮುಖ ಮಾಡಿದ ಇಳಿಜಾರು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ 1.40 ತೋರಿಸುವಾಗ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಹಾಗಾಗಿ ಅವಸರ ಬೇಡ. ಬ್ಲೇಯುಲ್, ಶವಾಲ್ ಬ್ಲಾಂ, ತ್ರ್ವಾ ಎವೆಶೆ, ದೊರ್ಮಿಯೂಸ್ ಎಂಬ ಹೆಸರಾಂತ ಸಾಲು ಬಹುಪಾಲು ಪಶ್ಚಿಮಕ್ಕೆ ತಿರುಗಿದ್ದು, ಮಧ್ಯಾಹ್ನದ ಬಿಸಿಲು, ಕಣಿವೆಯ ಗಾಳಿ ಎರಡೂ ಸೇರಿದಾಗ ಕೈ ಹಿಡಿಯುತ್ತದೆ.

ಇಳಿಜಾರನ್ನು ನೇರ ಎದುರಿಸಿ ಹೋಗಬಾರದು. ಓರೆಯಾಗಿ, 45 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಹತ್ತಿರವಾಗಿ. ಹಾಗಾದರೆ ಸಿಂಕ್ (ಕೆಳಗಿಳಿಯುವ ಗಾಳಿ) ಸಿಕ್ಕ ಕೂಡಲೇ ಕಣಿವೆ ಕಡೆ ಹೊರಳಲು ದಾರಿ ಇರುತ್ತದೆ. ವೇಗ ಸ್ಟಾಲ್‌ನ (ರೆಕ್ಕೆಗೆ ಎತ್ತುವ ಬಲ ತಪ್ಪುವ ವೇಗದ) 1.45 ಪಟ್ಟಿಗಿಂತ ಕೆಳಗೆ ಬರಬಾರದು. ಗಂಟೆಗೆ 70 ಕಿ.ಮೀ.ಗೆ ಸ್ಟಾಲ್ ಆಗುವ ಗ್ಲೈಡರ್‌ಗೆ ಅದು ಸುಮಾರು 100. ಇಲ್ಲೊಂದು ಮೋಸವಿದೆ: ಬೆಟ್ಟದ ಪಕ್ಕದಲ್ಲಿ ನಿಜವಾದ ದಿಗಂತ ಕಾಣುವುದಿಲ್ಲ. ಕಣ್ಣು ಎದುರಿನ ಬೆಟ್ಟದ ನೆತ್ತಿಯನ್ನೇ ದಿಗಂತವೆಂದುಕೊಳ್ಳುತ್ತದೆ, ಮೂತಿ ಮೇಲೇಳುತ್ತದೆ, ವೇಗ ಸದ್ದಿಲ್ಲದೆ ಇಳಿಯುತ್ತದೆ. ಏರ್‌ಸ್ಪೀಡ್ ಮುಳ್ಳು ನೋಡುತ್ತಿರಿ, ಗಾಳಿಯ ಸದ್ದು ಕೇಳುತ್ತಿರಿ.

ಶಿಖರಕ್ಕಿಂತ ಕೆಳಗಿರುವಾಗ ಇಂಗ್ಲಿಷಿನ 8ರ ಆಕಾರದಲ್ಲೇ ಹಾರಿ, ಪ್ರತಿ ತಿರುವೂ ಕಣಿವೆಯ ಕಡೆಗೆ. ಪೂರ್ತಿ ಸುತ್ತು ಹಾಕುವ ಆಸೆ ಬೇಡ. ಕಾರಣ ಕೇಳಿ: 3000 ಮೀಟರ್ ಎತ್ತರದಲ್ಲಿ ಮುಳ್ಳು 100 ತೋರಿಸಿದರೆ ನಿಜವಾದ ವೇಗ 116. 45 ಡಿಗ್ರಿ ವಾಲಿಸಿದರೂ ಸುತ್ತಿನ ತ್ರಿಜ್ಯ ಸಮುದ್ರಮಟ್ಟದಲ್ಲಿರುವ 79 ಮೀಟರ್ ಬದಲು 106 ಆಗುತ್ತದೆ. ಒಂದು ಸುತ್ತಿಗೆ ಸುಮಾರು 20 ಸೆಕೆಂಡ್ ಬೇಕು. ಗಂಟೆಗೆ 20 ಕಿ.ಮೀ. ಗಾಳಿಯಿದ್ದರೆ ಅಷ್ಟರಲ್ಲಿ ಅದು ನಿಮ್ಮನ್ನು 110 ಮೀಟರ್ ಬೆಟ್ಟದ ಕಡೆ ತಳ್ಳಿರುತ್ತದೆ. ಶಿಖರವನ್ನು ಚೆನ್ನಾಗಿ ದಾಟಿ ಮೇಲೆ ಬಂದಮೇಲೆ ಸುತ್ತು ಹಾಕಿ.

ಎದುರಿನಿಂದ ಇನ್ನೊಂದು ಗ್ಲೈಡರ್ ಬಂದರೆ, ಬೆಟ್ಟ ಯಾರ ಬಲಕ್ಕಿದೆಯೋ ಅವರಿಗೆ ದಾರಿ. ಇನ್ನೊಬ್ಬರು ಬಲಕ್ಕೆ, ಕಣಿವೆ ಕಡೆ ಸರಿಯಬೇಕು. ಫ್ಲಾರ್ಮ್ (ಡಿಕ್ಕಿಯ ಎಚ್ಚರಿಕೆ ಕೊಡುವ ಸಾಧನ) ಬೀಪ್ ಮಾಡುವವರೆಗೆ ಕಾಯಬೇಡಿ, ಅದು ಎಲ್ಲ ವಿಮಾನಗಳಲ್ಲೂ ಇರುವುದಿಲ್ಲ. ಇಳಿಜಾರಿಗೆ ಅಡ್ಡ ಎಳೆದ ತಂತಿಗಳು ಕಣ್ಣಿಗೆ ಬೀಳುವುದೂ ಅಪರೂಪ, ಕಂಬಗಳನ್ನು ಹುಡುಕಿ.

ಎರಡು ಶಿಖರಗಳ ನಡುವಿನ ತಗ್ಗು ದಾಟುವಾಗ ಆಚೆಗಿನ ನೆಲವನ್ನೇ ಗಮನಿಸಿ. ಅದು ಹೆಚ್ಚು ಹೆಚ್ಚು ಕಾಣುತ್ತಾ ಬಂದರೆ ಎತ್ತರ ಸಾಕು. ಮರೆಯಾಗುತ್ತಾ ಹೋದರೆ ಆಗಲೇ ತಿರುಗಿ.

3800 ಮೀಟರ್ ತಲುಪುವ ಮೊದಲೇ ಆಕ್ಸಿಜನ್ ಹಾಕಿಕೊಳ್ಳಿ. ಮಿಸ್ಟ್ರಾಲ್ ಎಂಬ ಜೋರಾದ ಉತ್ತರದ ಗಾಳಿ ಬೀಸುವ ದಿನ ಲ್ಯೂರ್ ಬೆಟ್ಟದ ವೇವ್ (ಬೆಟ್ಟ ದಾಟಿದ ಗಾಳಿ ಅಲೆಯಂತೆ ಮೇಲೇಳುವುದು) ಅದಕ್ಕಿಂತ ಬಹಳ ಮೇಲಕ್ಕೆ ಒಯ್ಯಬಲ್ಲದು. ಎತ್ತರ ಹೆಚ್ಚಿದಂತೆ ಮುಳ್ಳಿನ ಮೇಲಿನ ಗರಿಷ್ಠ ವೇಗ ಕಡಿಮೆಯಾಗುತ್ತದೆ, ಆ ಕೋಷ್ಟಕ ಕಾಕ್‌ಪಿಟ್‌ನಲ್ಲೇ ಅಂಟಿಸಿರಲಿ.

ಎತ್ತರ ಕೈಕೊಟ್ಟು ಬಾರ್ಸೆಲೊನೆಟ್‌ನಲ್ಲಿ ಇಳಿಯಬೇಕಾಗಿ ಬಂದರೆ, ಮಧ್ಯಾಹ್ನದ ಕಣಿವೆ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಜೋರಾಗಿ ಬೀಸುತ್ತಿರುತ್ತದೆ. ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ) ನೋಡಿ ಖಚಿತಪಡಿಸಿಕೊಂಡು ಪಶ್ಚಿಮಕ್ಕೆ ಮುಖ ಮಾಡಿ ಇಳಿಯಿರಿ, ಗಾಳಿ ಜೋರಿದ್ದಷ್ಟೂ ಅಪ್ರೋಚ್ ವೇಗ, ಅಂದರೆ ಇಳಿಯಲು ಬರುವಾಗಿನ ವೇಗ, ಹೆಚ್ಚಿಸಿ. ನಿಂತ ಮೇಲೆ ಗಾಳಿ ಬರುವ ಕಡೆಯ ರೆಕ್ಕೆಯನ್ನು ನೆಲಕ್ಕೆ ತಾಗಿಸಿ ಭಾರ ಇಟ್ಟು, ಆಮೇಲೆ ಗ್ಲೈಡರನ್ನು ಎಳೆದು ಮೇಲೇರಿಸುವ ಟೋ ವಿಮಾನಕ್ಕಾಗಿ ಫೋನ್ ಮಾಡಿ.