ಸಿಒಪಿಡಿ ಅಜ್ಜನಿಗೆ ಇನ್‌ಹೇಲರ್ ಕಲಿಸಿದ ಬಗೆ

ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬಲಿತವರಿಗೆ ಹೊಸದೇನನ್ನೂ ಕಲಿಸಲಾಗದು, ಸುಮ್ಮನೆ ದಣಿಯಬೇಡಿ ಎಂದು ಉಪದೇಶಿಸಿದವರಲ್ಲಿ ನಮ್ಮ ಫಿಸಿಯೋಥೆರಪಿಯವರೇ ಹೆಚ್ಚು. ಹಿಂದೆ ಮೀನುಗಾರಿಕೆ ಬೋಟು ನಡೆಸುವ ತಾಂಡೇಲರಾಗಿದ್ದ ಮಲ್ಪೆಯ ಅಜ್ಜ ಈಗ ಇನ್‌ಹೇಲರಿಗೆ ಜೋಡಿಸುವ ಕೊಳವೆಯಾದ ಸ್ಪೇಸರ್ ಹಿಡಿದು, ಔಷಧ ಎಳೆದು, ಉಸಿರು ಬಿಗಿಹಿಡಿದು ಹತ್ತು ಎಣಿಸುವುದನ್ನು ಅವರೆಲ್ಲ ಬಂದು ನೋಡಲಿ.

ಮೊದಲು ಸೋತದ್ದು ಇನ್‌ಹೇಲರಿನ ಹಂತಗಳ ಚಾರ್ಟ್. ಬಣ್ಣದ ಚಿತ್ರ, ಲ್ಯಾಮಿನೇಶನ್ ಎಂದು ಆರುನೂರು ರೂಪಾಯಿಯಷ್ಟು ಹೋಯಿತು. ಅಜ್ಜ ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟರು. ಮೊಬೈಲ್ ಅಲಾರಂ ಇನ್ನೂ ಕೆಟ್ಟದು: ಸದ್ದಿಗೆ ಗಾಬರಿ, ಗಾಬರಿಗೆ ಉಬ್ಬಸ, ಉಬ್ಬಸಕ್ಕೆ ಮತ್ತಷ್ಟು ಗಾಬರಿ. ಮನೆಯವರು ಮರೆವು ಎಂದರು, ಹಟ ಎಂದರು. ಬೆಳಗಿನ ತಲೆನೋವು, ಮಂಕು, ತೂಕಡಿಕೆಗಳನ್ನು ಮಾತ್ರ ಯಾರೂ ವೈದ್ಯರಿಗೆ ಹೇಳಿರಲಿಲ್ಲ. ನನ್ನ ಒತ್ತಾಯಕ್ಕೆ ರಕ್ತದಲ್ಲಿನ ಅನಿಲಗಳನ್ನು ಅಳೆಯುವ ಎಬಿಜಿ ಪರೀಕ್ಷೆ ಮಾಡಿಸಿದರು. ಇಂಗಾಲದ ಡೈಆಕ್ಸೈಡ್ ಏರಿತ್ತು. ಇಂಥವರಿಗೆ ಆಮ್ಲಜನಕ ಅತಿಯಾದರೆ ಹೀಗೇ: ಮಗ ಪ್ರೀತಿಯಿಂದ ಆಮ್ಲಜನಕದ ಯಂತ್ರವಾದ ಕಾನ್ಸಂಟ್ರೇಟರನ್ನು ನಿಮಿಷಕ್ಕೆ ನಾಲ್ಕು ಲೀಟರಿಗೆ ತಿರುಗಿಸಿಡುತ್ತಿದ್ದ! ನಿದ್ದೆಗೆಂದು ಯಾರೋ ಕೊಟ್ಟ ಮಾತ್ರೆ ಬೇರೆ. ವೈದ್ಯರು ಮಾತ್ರೆ ಬಿಡಿಸಿ, ಆಮ್ಲಜನಕ ಇಳಿಸಿ, ರಕ್ತದ ಆಮ್ಲಜನಕದ ಮಟ್ಟ, ಅಂದರೆ ಸ್ಯಾಚುರೇಶನ್, ಶೇಕಡಾ 88ರಿಂದ 92ರೊಳಗೆ ನಿಲ್ಲಿಸಿದ ಮೇಲೆ ಅಜ್ಜ ಮಾತಿಗೆ ಮಾತು ಕೊಡತೊಡಗಿದರು. 97 ಕಂಡರೆ ಹಿಗ್ಗುವ ಮನೆಯವರನ್ನು ಒಪ್ಪಿಸುವಷ್ಟರಲ್ಲಿ ನನಗೇ ಏದುಸಿರು.

ಆಮೇಲೆ ಪಾಠ. ಬೆಳಗ್ಗೆ ಬೇಡ, ಹತ್ತರ ಚಹಾದ ನಂತರ. ವಾರಕ್ಕೆ ಒಂದೇ ಹಂತ. ಅಪ್ಪನ ಪರವಾಗಿ ಮಗ ಉತ್ತರಿಸಕೂಡದು. ಆದರೆ ಎಲ್ಲಕ್ಕಿಂತ ಮೊದಲು ಗಾಬರಿ ಇಳಿಸುವ ವಿದ್ಯೆ: ಮುಂದಕ್ಕೆ ಬಾಗಿ, ಮೊಣಕೈ ತೊಡೆಗೆ ಊರಿ, ತುಟಿ ಕಿರಿದಾಗಿಸಿ ಉಸಿರು ಬಿಡುವುದು, ಮುಖಕ್ಕೆ ಗಾಳಿ. ಮುನ್ನೂರು ಚಿಲ್ಲರೆಯ ಬ್ಯಾಟರಿ ಫ್ಯಾನ್ ಉಪ್ಪುಗಾಳಿಗೆ ಬೇಗ ಸತ್ತಿತು. ಅಡಿಕೆ ಹಾಳೆಯ ಬೀಸಣಿಗೆಗೆ ಖರ್ಚೇ ಇಲ್ಲ. ಹೊಸದು ಮರೆತರೂ ಬಲೆ ಬಿಡುವ ಕ್ರಮ ಅವರಿಗೆ ಬಾಯಿಪಾಠ. ಇನ್‌ಹೇಲರಿನ ಹಂತಗಳನ್ನು ಅದಕ್ಕೆ ಜೋಡಿಸಿದೆ. ಹೇಗೆಂದು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು ನನಗೂ ಇದೆ.

ನಡುವೆ ಭಜನೆ ಹಾಡಿಸಿ ನೋಡಿದೆ. ಸ್ಯಾಚುರೇಶನ್ ಕದಲಲಿಲ್ಲ. ಆದರೆ ಕೆಮ್ಮಿನ ನಾಚಿಕೆಗೆ ಜಗಲಿಗೂ ಬಾರದಿದ್ದವರು ಭಜನಾ ಮಂದಿರಕ್ಕೆ ಹೊರಟರು. ಆರು ನಿಮಿಷದ ನಡಿಗೆ 140 ಮೀಟರಿನ ಆಸುಪಾಸಿನಿಂದ ಇನ್ನೂರರ ಹತ್ತಿರ ಬಂದಿದೆ. ಅಜ್ಜನಿಗೆ ಬರುತ್ತಿದ್ದ ಅಳು ಮಾತ್ರ ನನ್ನ ಕೈಗೆ ಸಿಗಲಿಲ್ಲ, ಮನೋವೈದ್ಯರಲ್ಲಿಗೆ ಕಳುಹಿಸಿದೆ.

ಕಾನ್ಸಂಟ್ರೇಟರನ್ನು ದಿನಕ್ಕೆ 15 ಗಂಟೆ ಓಡಿಸಿದರೆ ಐದು ಯೂನಿಟ್‌ನಷ್ಟು ವಿದ್ಯುತ್ ಬೇಕು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಅದಕ್ಕೆ ಹೆದರಿ ರಾತ್ರಿ ಯಂತ್ರ ಆರಿಸುವ ಮನೆಗಳಿವೆ. ಅಂಥಲ್ಲಿ ನಾನು ಮೊದಲು ಬಿಲ್ಲಿನ ಮಾತು ಮುಗಿಸಿಯೇ ಉಸಿರಿನ ಮಾತಿಗೆ ಬರುತ್ತೇನೆ.