ಒಂದೇ ಹೆಸರಿನ ಎರಡು ಸರ್ವರ್‌ಗಳು

ನಮ್ಮ ಕಚೇರಿಯ ಖಾಸಗಿ ಕ್ಲೌಡ್ ನಡೆಯುವುದು, ಬೇಕೆಂದಾಗ ವರ್ಚುವಲ್ ಸರ್ವರ್‌ಗಳನ್ನು ಎಬ್ಬಿಸಿಕೊಡುವ ಓಪನ್‌ಸ್ಟ್ಯಾಕ್ ತಂತ್ರಾಂಶದ ಮೇಲೆ. ಅದನ್ನು ನೋಡಿಕೊಳ್ಳುವವನು ನಾನು. ಒಂದು ಶುಕ್ರವಾರ ಸಂಜೆ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ‘ಟೆಸ್ಟ್-ಡಿಬಿ ಸರ್ವರ್ ಇನ್ನು ಬೇಡ, ತೆಗೆದುಬಿಡಿ’ ಎಂದರು. ತೆಗೆದೆ. ತೆಗೆದದ್ದು ಇನ್ನೊಬ್ಬರ ಟೆಸ್ಟ್-ಡಿಬಿ. ಅದೇ ಪ್ರಾಜೆಕ್ಟ್‌ನಲ್ಲಿ, ಅಂದರೆ ಕ್ಲೌಡ್‌ನಲ್ಲಿ ಒಂದು ಗುಂಪಿಗೆಂದು ಬೇರ್ಪಡಿಸಿದ ಪಾಲಿನಲ್ಲಿ, ಆ ಹೆಸರಿನವು ಎರಡಿದ್ದವು. ಕಮಾಂಡ್‌ನಲ್ಲಿ ಹೆಸರು ಕೊಟ್ಟಿದ್ದರೆ, ಈ ಹೆಸರಿನವು ಒಂದಕ್ಕಿಂತ ಹೆಚ್ಚಿವೆ ಎಂದು ಅದೇ ತಡೆಯುತ್ತಿತ್ತು. ನಾನು ಡ್ಯಾಶ್‌ಬೋರ್ಡ್‌ನಲ್ಲಿ ಮೊದಲು ಕಣ್ಣಿಗೆ ಬಿದ್ದ ಸಾಲಿಗೆ ಟಿಕ್ ಹಾಕಿದ್ದೆ.

ಓಪನ್‌ಸ್ಟ್ಯಾಕ್‌ನಲ್ಲಿ ಸರ್ವರ್‌ಗಳನ್ನು ಹುಟ್ಟಿಸಿ ನೋಡಿಕೊಳ್ಳುವ ಭಾಗವಾದ ನೋವಾಗೆ ಹೆಸರು ಮುಖ್ಯವಲ್ಲ, ಪ್ರತಿ ಸರ್ವರ್‌ಗೂ ಬೇರೆಯೇ ಆಗಿ ಸಿಗುವ ಗುರುತಾದ ಯುಯುಐಡಿ ಮುಖ್ಯ. ಆದರೆ ಆ 36 ಅಕ್ಷರಗಳನ್ನು ಫೋನಿನಲ್ಲಿ ಯಾರು ಹೇಳುತ್ತಾರೆ? ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಮೇಷ್ಟ್ರು ಇನಿಷಿಯಲ್ ಸೇರಿಸಿ ಕರೆಯುತ್ತಿದ್ದರೇ ಹೊರತು ದಾಖಲಾತಿ ಸಂಖ್ಯೆ ಹಿಡಿದು ಅಲ್ಲ.

ನೋವಾದ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಕಡತದಲ್ಲಿ ಇದಕ್ಕೆಂದೇ ‘ಯೂನಿಕ್ ಸರ್ವರ್ ನೇಮ್ ಸ್ಕೋಪ್’ ಎಂಬ ಆಯ್ಕೆಯಿದೆ. ಅದು ಮೂಲತಃ ಖಾಲಿ, ಅಂದರೆ ತಪಾಸಣೆಯೇ ಇಲ್ಲ. ‘ಪ್ರಾಜೆಕ್ಟ್’ ಎಂದು ಬರೆದರೆ ಆ ಪ್ರಾಜೆಕ್ಟ್‌ನೊಳಗೆ, ‘ಗ್ಲೋಬಲ್’ ಎಂದರೆ ಇಡೀ ಕ್ಲೌಡ್‌ನಲ್ಲಿ ಹೆಸರು ಮರುಕಳಿಸುವಂತಿಲ್ಲ. ನಾನು ಪ್ರಾಜೆಕ್ಟ್ ಆರಿಸಿದೆ. ಯಾರೋ ಒಬ್ಬರು ‘ವೆಬ್-1’ ಎಂದು ಇಟ್ಟುಕೊಂಡ ಮಾತ್ರಕ್ಕೆ ಉಳಿದವರಿಗೆಲ್ಲ ಅದು ಸಿಗದಂತಾಗುವುದು ನನಗೆ ಸರಿಕಾಣಲಿಲ್ಲ.

ಆಯ್ಕೆ ಬದಲಿಸುವ ಮೊದಲು ಹಳೆಯ ಜೋಡಿಗಳನ್ನು ಹುಡುಕಬೇಕಿತ್ತು, ಏಕೆಂದರೆ ಈಗಾಗಲೇ ಇರುವವನ್ನು ನೋವಾ ಮುಟ್ಟುವುದಿಲ್ಲ. ಒಂದು ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದು ಹೆಸರುಗಳ ಪಟ್ಟಿ ತೆಗೆದು, ಎಲ್ಲವನ್ನೂ ಇಂಗ್ಲಿಷ್‌ನ ಸಣ್ಣ ಅಕ್ಷರಕ್ಕೆ ಇಳಿಸಿ, ವಿಂಗಡಿಸಿದೆ. ಜೋಡಿಗಳ ಒಡೆಯರನ್ನು ಒಪ್ಪಿಸಿ ಹೆಸರು ಬದಲಿಸುವುದಕ್ಕೆ ಮೂರು ವಾರ ಹಿಡಿಯಿತು. ಕಾನ್ಫಿಗ್ ಬದಲಿಸಿ ಸೇವೆಗಳನ್ನು ಮರುಚಾಲನೆ ಮಾಡುವುದಕ್ಕೆ ಹತ್ತು ನಿಮಿಷ ಸಾಕಾಯಿತು.

ಮರುದಿನ ಬೆಳಿಗ್ಗೆಯೇ ದೂರು ಬಂತು. ಹಳೆಯ ಸರ್ವರ್ ಅಳಿಸಿ ಅದೇ ಹೆಸರಿನಲ್ಲಿ ಹೊಸದನ್ನು ಎಬ್ಬಿಸುವ ಸ್ಕ್ರಿಪ್ಟ್ ಒಂದು ಮುಗ್ಗರಿಸಿತ್ತು. ಅಳಿಸು ಎಂದ ಕ್ಷಣಕ್ಕೇ ಹೆಸರು ಬಿಡುಗಡೆಯಾಗುವುದಿಲ್ಲ. ಅಳಿಸುವ ಕೆಲಸ ಮುಗಿಯಬೇಕು. ಅಳಿಸಿದ್ದನ್ನು ಕೆಲಕಾಲ ಕಾದಿಡುವ ಸಾಫ್ಟ್ ಡಿಲೀಟ್ ಬೇರೆ ನಾವು ಇಟ್ಟುಕೊಂಡಿದ್ದೆವು. ಅವಧಿ ತುಂಬುವವರೆಗೆ ಸತ್ತ ಸರ್ವರ್ ಹೆಸರನ್ನು ಕಚ್ಚಿಕೊಂಡೇ ಇರುತ್ತದೆ. ಆ ಸ್ಕ್ರಿಪ್ಟ್ ಕೊಡುವ ಹೆಸರಿನ ಕೊನೆಗೆ ದಿನಾಂಕ ಸೇರಿಸಿ ಬಗೆಹರಿಸಿಕೊಂಡೆವು.

ಇದು ಪೂರ್ತಿ ಬೀಗವೂ ಅಲ್ಲ. ನೋವಾ ಡೇಟಾಬೇಸ್‌ನಲ್ಲಿ ಮೊದಲು ಎಣಿಸಿ, ಆಮೇಲೆ ಸೇರಿಸುತ್ತದೆ. ಎರಡು ಕೋರಿಕೆಗಳು ಒಂದೇ ಗಳಿಗೆಗೆ ಬಂದರೆ ಎರಡೂ ನುಸುಳಬಹುದು. ಹಾಗಾಗಿ ಜೋಡಿ ಹುಡುಕುವ ಆ ಸ್ಕ್ರಿಪ್ಟ್ ಈಗಲೂ ಪ್ರತಿ ರಾತ್ರಿ ಓಡುತ್ತದೆ.

ಒಂದು ರಾತ್ರಿ ಅದಕ್ಕೆ ‘ಪರೀಕ್ಷೆ’ ಎಂಬ ಹೆಸರಿನ ಎರಡು ಸರ್ವರ್‌ಗಳು ಸಿಕ್ಕವು, ಕನ್ನಡ ಅಕ್ಷರಗಳಲ್ಲೇ. ಸೃಷ್ಟಿಯಾದ ಹೊತ್ತಿಗೆ ನಾಲ್ಕು ದಿನಗಳ ಅಂತರ. ಗಳಿಗೆಯ ದೋಷವಂತೂ ಅಲ್ಲ. ಕೋಡ್ ತೆಗೆದು ಓದಿದೆ. ತಪಾಸಣೆ ನಡೆಯುವುದು ನಾವು ಕೊಟ್ಟ ಹೆಸರಿನ ಮೇಲಲ್ಲ, ಅದರಿಂದ ಹುಟ್ಟುವ ಹೋಸ್ಟ್‌ನೇಮ್ (ನೆಟ್‌ವರ್ಕ್‌ನಲ್ಲಿ ಯಂತ್ರದ ಹೆಸರು) ಮೇಲೆ. ಅಂಡರ್‌ಸ್ಕೋರ್ ಅಲ್ಲಿ ಹೈಫನ್ ಆಗುತ್ತದೆ, ಕನ್ನಡದ ಅಕ್ಷರಗಳು ಉದುರಿಹೋಗುತ್ತವೆ. ಏನೂ ಉಳಿಯದಿದ್ದಾಗ ನೋವಾ ‘ಸರ್ವರ್’ ಎಂಬ ಪದಕ್ಕೆ ಯುಯುಐಡಿ ಅಂಟಿಸಿ ಹೋಸ್ಟ್‌ನೇಮ್ ಕಟ್ಟುತ್ತದೆ. ಎರಡು ಪರೀಕ್ಷೆಗಳಿಗೂ ಅಲ್ಲಿ ಬೇರೆ ಬೇರೆ ಹೆಸರು. ಎರಡನ್ನೂ ಇಟ್ಟವನು ಯಾರೆಂದು ನೋಡಿದರೆ, ನಾನೇ.